ತೀವ್ರತೆ ಯಾರದು? ಹಾರ್ನ್ ಸ್ಪೀಕರಿನ ಆಯ್ಕೆಯೂ ಯಥಾರ್ಥತೆಯ ಪ್ರಶ್ನೆಯೂ

ಮನೆಯಲ್ಲಿ ಸಂಗೀತ ಕೇಳಲು ಸ್ಪೀಕರ್ ಆರಿಸುವ ಕೆಲಸ ಮೇಲ್ನೋಟಕ್ಕೆ ಹಣ, ಜಾಗ ಮತ್ತು ಅಭಿರುಚಿಗಳ ಲೆಕ್ಕಾಚಾರವಾಗಿ ಕಂಡರೂ, ಅದರ ತಳದಲ್ಲಿ ಭಾರತೀಯ ದರ್ಶನಗಳು ಶತಮಾನಗಳ ಕಾಲ ವಾದಿಸಿದ ಒಂದು ಪ್ರಶ್ನೆ ಇದೆ. ಶಬ್ದವನ್ನು ಕಿವಿಗೆ ಮುಟ್ಟಿಸುವ ಸಾಧನವು ಅದನ್ನು ಹೊಸದಾಗಿ ಹುಟ್ಟಿಸುತ್ತದೆಯೋ, ಮೊದಲೇ ಇದ್ದುದನ್ನು ಹೊರಗೆ ತೋರಿಸುತ್ತದೆಯೋ ಎಂಬುದೇ ಆ ಪ್ರಶ್ನೆ. ಹುಟ್ಟಿಸುವುದಾದರೆ ಸಾಧನದ ಗುಣದೋಷಗಳೆಲ್ಲ ಶಬ್ದದ ಗುಣದೋಷಗಳೇ ಆಗುತ್ತವೆ, ತೋರಿಸುವುದಾದರೆ ಅವು ಸಾಧನದಲ್ಲಿಯೇ ಉಳಿದು ಶಬ್ದವನ್ನು ಮುಟ್ಟುವುದಿಲ್ಲ. ಹೆಚ್ಚು ದಕ್ಷತೆಯ ಹಾರ್ನ್ ಸ್ಪೀಕರು, ಅಂದರೆ ಕಹಳೆಯ ಆಕಾರದ ಕೊಳವೆಯ ಮೂಲಕ ನಾದವನ್ನು ಹೊರಬಿಡುವ ಸ್ಪೀಕರು, ಈ ಪ್ರಶ್ನೆಯನ್ನು ಬೇರೆ ಬಗೆಯ ಸ್ಪೀಕರುಗಳಿಗಿಂತ ಮೊನಚಾಗಿ ಎತ್ತುತ್ತದೆ. ಮೃದಂಗದ ಪೆಟ್ಟು ಪೆಟ್ಟಾಗಿಯೇ ಕೇಳುವುದು ಇದರಲ್ಲಿ ಮಾತ್ರ ಎಂದು ಅದನ್ನು ಮೆಚ್ಚುವವರು ಹೇಳುತ್ತಾರೆ. ಅದು ಎಲ್ಲ ವಾದ್ಯಗಳಿಗೂ ತನ್ನ ದನಿಯನ್ನು ಬೆರೆಸಿಬಿಡುತ್ತದೆ ಎಂದು ಒಪ್ಪದವರು ಹೇಳುತ್ತಾರೆ. ಎರಡು ಪಕ್ಷಗಳೂ ವಾದಿಸುವುದು ಸತ್ಯದ ಹೆಸರಿನಲ್ಲಿಯೇ ಆದ್ದರಿಂದ, ಆಯ್ಕೆಗೆ ಮೊದಲು ಧ್ವನಿಯ ವಿಷಯದಲ್ಲಿ ಸತ್ಯವೆಂದರೆ ಏನು ಎಂಬುದನ್ನು ವಿಚಾರಿಸಬೇಕಾಗುತ್ತದೆ.

ವಿಚಾರಕ್ಕೆ ಬೇಕಾದಷ್ಟು ಭೌತಶಾಸ್ತ್ರವನ್ನು ಮೊದಲು ತಿಳಿಯುವುದು ಒಳ್ಳೆಯದು. ಸಾಧಾರಣ ಸ್ಪೀಕರಿನಲ್ಲಿ ಕಾಗದದ ಇಲ್ಲವೆ ಪ್ಲಾಸ್ಟಿಕ್ಕಿನ ಶಂಕುವೊಂದು ಕೋಣೆಯ ಗಾಳಿಯನ್ನು ನೇರವಾಗಿ ದೂಡುತ್ತದೆ. ಈ ವಿನ್ಯಾಸದ ಆಧುನಿಕ ರೂಪವನ್ನು ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಅಮೆರಿಕನ್ ಎಂಜಿನಿಯರುಗಳು 1925ರಲ್ಲಿ ಪ್ರಕಟಿಸಿದರು. ಶಂಕು ಭಾರವಾದದ್ದು, ಗಾಳಿ ಹಗುರವಾದದ್ದು. ಆದ್ದರಿಂದ ಶಂಕು ಮುನ್ನುಗ್ಗಿದಾಗ ಗಾಳಿ ತಕ್ಕ ಎದುರೊತ್ತಡ ಕೊಡದೆ ಪಕ್ಕಕ್ಕೆ ಸರಿಯುತ್ತದೆ, ಶ್ರಮದ ಬಹುಪಾಲು ಶಂಕುವನ್ನು ಅಲುಗಿಸುವುದರಲ್ಲಿಯೇ ಕಳೆಯುತ್ತದೆ, ಮತ್ತು ಕೊಟ್ಟ ವಿದ್ಯುತ್ತಿನ ಬಹುಪಾಲು ಶಂಕುವಿನ ಹಿಂದಿರುವ ವಾಯ್ಸ್ ಕಾಯಿಲ್ ಎಂಬ ತಂತಿಯ ಸುರುಳಿಯಲ್ಲಿ ಬಿಸಿಯಾಗಿ ವ್ಯರ್ಥವಾಗುತ್ತದೆ. ಹಾರ್ನ್ ಈ ಹೊಂದಿಕೆಯಿಲ್ಲದ ಜೋಡಿಯ ನಡುವೆ ಮಧ್ಯವರ್ತಿಯಾಗಿ ನಿಲ್ಲುತ್ತದೆ. ಅದರ ಕಿರಿದಾದ ಕೊರಳಿನಲ್ಲಿ ಗಾಳಿಗೆ ಸರಿಯಲು ಎಡೆಯಿಲ್ಲದೆ ಒತ್ತಡ ಹೆಚ್ಚುತ್ತದೆ, ಕೊಳವೆ ಮೆಲ್ಲಮೆಲ್ಲನೆ ಅಗಲವಾಗುತ್ತ ಹೋದಂತೆ ಆ ಒತ್ತಡವು ವಿಶಾಲವಾದ ಬಾಯಿಯಲ್ಲಿ ಕೋಣೆಯ ಗಾಳಿಗೆ ಹೊಂದುವ ಮಟ್ಟಕ್ಕೆ ಇಳಿಯುತ್ತದೆ. ಹೊಲದ ಆಚೆಯವರನ್ನು ಕೂಗಿ ಕರೆಯುವವರು ಬಾಯಿಯ ಸುತ್ತ ಅಂಗೈಗಳನ್ನು ಗೂಡಿಸುವುದರಲ್ಲಿರುವ ತತ್ತ್ವವೂ ಇದಕ್ಕೆ ಹತ್ತಿರದ್ದೇ. ಕೊಳವೆ ಯಾವ ಗತಿಯಲ್ಲಿ ಅಗಲವಾದರೆ ನಾದ ಹೇಗೆ ಸಾಗುತ್ತದೆ ಎಂಬುದರ ಸಮೀಕರಣವನ್ನು ಆರ್ಥರ್ ಗಾರ್ಡನ್ ವೆಬ್‌ಸ್ಟರ್ 1919ರಲ್ಲಿ ಪ್ರಕಟಿಸಿದನು. ಹಾರ್ನ್ ವಿನ್ಯಾಸದ ಲೆಕ್ಕಗಳು ಅಲ್ಲಿಂದ ಬೆಳೆದುಬಂದಿವೆ.

ಈ ಮಧ್ಯಸ್ಥಿಕೆಯ ಫಲವನ್ನು ಅಂಕಿಗಳಲ್ಲಿ ನೋಡಬಹುದು. ಒಂದು ವ್ಯಾಟ್ ವಿದ್ಯುತ್ತು ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ನಾದ ಕೇಳುತ್ತದೆ ಎಂಬುದನ್ನು ಸ್ಪೀಕರಿನ ಸಂವೇದಿತೆ ಎನ್ನುತ್ತಾರೆ. ಸಾಧಾರಣ ಮನೆಯ ಸ್ಪೀಕರಿನ ಸಂವೇದಿತೆ 86ರ ಆಸುಪಾಸಿನಲ್ಲಿದ್ದರೆ, ಪೂರ್ಣ ಹಾರ್ನ್ ವ್ಯವಸ್ಥೆಯದು 104ರವರೆಗೂ ಹೋಗುತ್ತದೆ. ಡೆಸಿಬೆಲ್ ಗುಣಾಕಾರದ ಅಳತೆಯಾದ್ದರಿಂದ, 10 ಡೆಸಿಬೆಲ್ ಹೆಚ್ಚುವುದೆಂದರೆ ಹತ್ತು ಪಟ್ಟು ಶಕ್ತಿ, 18 ಡೆಸಿಬೆಲ್ ಹೆಚ್ಚುವುದೆಂದರೆ ಸುಮಾರು 63 ಪಟ್ಟು ಶಕ್ತಿ ಎಂದು ಅರ್ಥ. ಚಂಡೆಯ ಒಂದು ಉರುಳಿಕೆಯು ಕ್ಷಣಕಾಲ 100 ಡೆಸಿಬೆಲ್ ಮುಟ್ಟಬೇಕಾದರೆ ಮೊದಲನೆಯ ಸ್ಪೀಕರಿಗೆ ಸುಮಾರು 25 ವ್ಯಾಟ್ ಬೇಕು, ಎರಡನೆಯದಕ್ಕೆ ಅರ್ಧ ವ್ಯಾಟಿಗಿಂತ ಕಡಿಮೆ ಸಾಕು. ಇಲ್ಲಿ ಉಳಿಯುವುದು ವಿದ್ಯುತ್ತು ಮಾತ್ರವಲ್ಲ. ಕಾಯಿಲ್ ಬಿಸಿಯಾದಂತೆ ತಾಮ್ರದ ರೋಧ ಹೆಚ್ಚುತ್ತದೆ, 100 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಅದು ಸುಮಾರು ಶೇಕಡಾ 39ರಷ್ಟು ಏರಿ, ಜೋರಾಗಿ ಕೇಳಬೇಕಾದ ಪೆಟ್ಟು ತುಸು ಕುಗ್ಗಿ ಕೇಳುತ್ತದೆ. ಶಂಕು ಹೆಚ್ಚು ದೂರ ಚಲಿಸಿದಷ್ಟೂ ಮೂಲದಲ್ಲಿಲ್ಲದ ಸ್ವರಾಂಶಗಳು ಹುಟ್ಟಿಕೊಳ್ಳುತ್ತವೆ. ಹಾರ್ನಿನ ಹಿಂದಿರುವ, ಡಯಾಫ್ರಮ್ ಎಂಬ ಪುಟ್ಟ ಕಂಪಿಸುವ ಪೊರೆ ಅಷ್ಟೇ ನಾದಕ್ಕೆ ಕಡಿಮೆ ವಿದ್ಯುತ್ತು ಪಡೆದು ಬಹಳ ಕಡಿಮೆ ಚಲಿಸಿದರೆ ಸಾಕಾಗುವುದರಿಂದ ಈ ಎರಡು ದೋಷಗಳೂ ಅದರಲ್ಲಿ ತಗ್ಗುತ್ತವೆ. ಅಮೆರಿಕದ ಆರ್ಕನ್ಸಾ ರಾಜ್ಯದ ಹೋಪ್ ಎಂಬ ಊರಿನಲ್ಲಿ 1946ರಲ್ಲಿ ತನ್ನ ಕಂಪನಿ ಸ್ಥಾಪಿಸಿದ ಪಾಲ್ ಕ್ಲಿಪ್ಷ್, ದಕ್ಷತೆ ಹೆಚ್ಚಿದಷ್ಟೂ ವಿಕೃತಿ ತಗ್ಗುತ್ತದೆ ಎಂಬ ಮಾತನ್ನು ತನ್ನ ವಿನ್ಯಾಸಗಳ ಮೂಲಸೂತ್ರವಾಗಿಯೇ ಇಟ್ಟುಕೊಂಡಿದ್ದನು.

ದಕ್ಷತೆ ಮೊದಲಿಗೆ ಯಾರೂ ಬಯಸಿ ಪಡೆದ ಗುಣವಾಗಿರಲಿಲ್ಲ. 1920ರ ದಶಕದ ಕೊನೆಯಲ್ಲಿ ಚಲನಚಿತ್ರಕ್ಕೆ ಮಾತು ಬಂದಾಗ ವಾಲ್ವ್ ಆಂಪ್ಲಿಫೈಯರುಗಳು ಕೊಡುತ್ತಿದ್ದುದು ಕೆಲವೇ ವ್ಯಾಟುಗಳನ್ನು. ಅಷ್ಟರಲ್ಲಿ ಇಡೀ ಚಿತ್ರಮಂದಿರವನ್ನು ತುಂಬಬೇಕಾಗಿದ್ದುದರಿಂದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ ಆಳೆತ್ತರದ ಹಾರ್ನುಗಳನ್ನು ತೆರೆಯ ಹಿಂದೆ ನಿಲ್ಲಿಸಿತು. ಮುಂದೆ ವ್ಯಾಟು ಅಗ್ಗವಾಯಿತು. 1954ರಲ್ಲಿ ಎಡ್ಗರ್ ವಿಲ್ಚರ್ ರೂಪಿಸಿದ ಎಆರ್-1 ಎಂಬ ಸ್ಪೀಕರು, ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿಕೊಂಡು ಆಳವಾದ ಮಂದ್ರವನ್ನು ಹೊರಡಿಸಿತು, ಆದರೆ ಅದಕ್ಕೆ ದಕ್ಷತೆಯನ್ನು ಬೆಲೆಯಾಗಿ ತೆತ್ತಿತು. ಆಳವಾದ ಮಂದ್ರ, ಸಣ್ಣ ಪೆಟ್ಟಿಗೆ, ಹೆಚ್ಚಿನ ದಕ್ಷತೆ ಎಂಬ ಮೂರರಲ್ಲಿ ಎರಡನ್ನು ಮಾತ್ರ ಪಡೆಯಬಹುದು, ಮೂರನೆಯದನ್ನು ಬಿಟ್ಟುಕೊಡಲೇಬೇಕು ಎಂಬ ಈ ನಿಯಮ ಜೋಸೆಫ್ ಆಂಟನ್ ಹಾಫ್ಮನ್ ಎಂಬವನ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಮನೆಗಳು ಸಣ್ಣ ಪೆಟ್ಟಿಗೆಯನ್ನು ಆರಿಸಿಕೊಂಡವು. ಹೀಗಿರುವಾಗ ಇಂದು ಒಬ್ಬನು ಹಾರ್ನಿಗೆ ಮರಳುವುದು ಅನಿವಾರ್ಯತೆಯಿಂದಲ್ಲ, ತೀರ್ಮಾನದಿಂದ. ತೀರ್ಮಾನವಾದ ಮೇಲೆ ಅದಕ್ಕೆ ಕಾರಣ ಕೊಡಬೇಕಾಗುತ್ತದೆ.

ಈ ಕಾರಣದ ಹುಡುಕಾಟದಲ್ಲಿ ಮೀಮಾಂಸಕರ ಮತ್ತು ನೈಯಾಯಿಕರ ಹಳೆಯ ವಾದವೊಂದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ವೇದದ ನಿತ್ಯತೆಯನ್ನು ಸ್ಥಾಪಿಸಬೇಕಾಗಿದ್ದ ಮೀಮಾಂಸಕರು ಶಬ್ದವು ನಿತ್ಯವೆಂದೂ, ಉಚ್ಚಾರಣೆಯು ಅದನ್ನು ಹುಟ್ಟಿಸದೆ ಅಭಿವ್ಯಕ್ತಗೊಳಿಸುತ್ತದೆ, ಅಂದರೆ ಇದ್ದುದನ್ನು ಪ್ರಕಟಪಡಿಸುತ್ತದೆಯೆಂದೂ ಹೇಳಿದರು. ನ್ಯಾಯಸೂತ್ರವು ಇದನ್ನು ಒಪ್ಪದೆ, ಶಬ್ದಕ್ಕೆ ಆದಿ ಇದೆ, ಅದು ಇಂದ್ರಿಯದಿಂದ ತಿಳಿಯುತ್ತದೆ, ಹುಟ್ಟಿದ ವಸ್ತುವಿನಂತೆಯೇ ಅದರ ವಿಷಯದಲ್ಲಿ ವ್ಯವಹಾರ ನಡೆಯುತ್ತದೆ ಎಂಬ ಮೂರು ಕಾರಣಗಳಿಂದ ಅದು ಅನಿತ್ಯವೆಂದು ಸಾಧಿಸಿತು. ಈ ಸೂತ್ರದ ಭಾಷ್ಯದಲ್ಲಿ ವಾತ್ಸ್ಯಾಯನನು ಕೊಡುವ ನಿದರ್ಶನ ಸಂಗೀತದ್ದೇ ಆಗಿದೆ: ಭೇರಿಯ ತೀವ್ರವಾದ ಶಬ್ದವು ತಂತಿವಾದ್ಯದ ಮಂದವಾದ ಶಬ್ದವನ್ನು ಅಡಗಿಸುತ್ತದೆ, ತೀವ್ರತೆ ಮತ್ತು ಮಂದತೆ ಶಬ್ದದ ಸ್ವಂತ ಧರ್ಮಗಳಾಗಿರದಿದ್ದರೆ ಒಂದು ಶಬ್ದ ಇನ್ನೊಂದನ್ನು ಅಡಗಿಸುವುದು ಹೇಗೆ ಎಂಬುದು ಅವನ ವಾದ. ಮೀಮಾಂಸಕರ ಉತ್ತರವೂ ಅಷ್ಟೇ ಸೂಕ್ಷ್ಮವಾದದ್ದು. ಹತ್ತು ಜನ ಒಟ್ಟಿಗೆ ಒಂದೇ ಪದವನ್ನು ಉಚ್ಚರಿಸಿದಾಗ ದೊಡ್ಡದಾಗುವುದು ಪದವಲ್ಲ, ಅದನ್ನು ಪ್ರಕಟಪಡಿಸುವ ನಾದ ಮಾತ್ರ. ಗೋವು ಎಂಬ ಪದವನ್ನು ಪಿಸುಗುಟ್ಟಿದರೂ ಕೂಗಿದರೂ ಅದು ಅದೇ ಪದವಾಗಿ ಗುರುತಾಗುವುದರಿಂದ, ತೀವ್ರತೆ ಎಂಬುದು ಅಭಿವ್ಯಂಜಕದ, ಅಂದರೆ ಪ್ರಕಟಪಡಿಸುವ ಸಾಧನದ ಧರ್ಮವೇ ಹೊರತು ಪ್ರಕಟವಾಗುವ ಶಬ್ದದ್ದಲ್ಲ.

ಧ್ವನಿಮುದ್ರಿಕೆಯನ್ನು ಕೇಳುವವನ ಸಾಮಾನ್ಯ ನಂಬಿಕೆ ಮೀಮಾಂಸಕರ ಪಕ್ಷದ್ದು. ಸಂಗೀತವು ಮುದ್ರಿಕೆಯಲ್ಲಿ ಈಗಾಗಲೇ ಇದೆ, ಸ್ಪೀಕರು ಅದನ್ನು ಹೊರತೋರುತ್ತದೆ, ಒಳ್ಳೆಯ ಸ್ಪೀಕರು ತನ್ನದೇನನ್ನೂ ಸೇರಿಸದೆ ಗಾಜಿನಂತೆ ಪಾರದರ್ಶಕವಾಗಿರುತ್ತದೆ ಎಂದು ಅವನು ಭಾವಿಸುತ್ತಾನೆ. ಅಲ್ಲದೆ ಧ್ವನಿಯನ್ನು ಹೆಚ್ಚು ಕಡಿಮೆ ಮಾಡುವ ಗುಂಡಿ ಕೈಯಲ್ಲಿಯೇ ಇರುವುದರಿಂದ ತೀವ್ರತೆಯನ್ನು ಸಾಧನಕ್ಕೆ ಸೇರಿದ ಹೊರಗಿನ ವಿಷಯವೆಂದು ತಿಳಿಯುತ್ತಾನೆ. ಭಾಷೆಯ ವಿಷಯದಲ್ಲಿ ಈ ನಂಬಿಕೆ ಸರಿಯಾದದ್ದೇ. ಆದರೆ ಸಂಗೀತದ ವಿಷಯದಲ್ಲಿ ಅದು ನಿಲ್ಲುವುದಿಲ್ಲ, ಏಕೆಂದರೆ ಪದದ ಅರ್ಥವು ತೀವ್ರತೆಯ ಭೇದವನ್ನು ದಾಟಿ ಉಳಿಯುವಂತೆ ಲಯವಾದ್ಯದ ಅರ್ಥ ಉಳಿಯುವುದಿಲ್ಲ. ಮೃದಂಗವಾದಕನು ಒಂದೇ ಸೊಲ್ಲನ್ನು ಒಮ್ಮೆ ತೇಲಿಸಿ, ಒಮ್ಮೆ ಒತ್ತಿ ನುಡಿಸಿದಾಗ ಎರಡರ ನಡುವಿನ ಅಂತರವೇ ಅವನು ಹೇಳಬಯಸಿದ ಮಾತು. ವೀಣೆಯ ಮೀಟು ಎದ್ದು ಮುಂದಿನ ಗಮಕದಲ್ಲಿ ಕ್ಷೀಣಿಸುತ್ತ ಹೋಗುವ ಕ್ರಮವೇ ಆ ಗಮಕದ ಆಕಾರ. ಈ ಅಂತರಗಳನ್ನು ಕುಗ್ಗಿಸಿದರೆ ಅದೇ ಸಂಗೀತ ಮೆಲ್ಲಗೆ ಕೇಳುವುದಿಲ್ಲ, ಬೇರೊಂದು ಸಂಗೀತ ಕೇಳುತ್ತದೆ. ಆದ್ದರಿಂದ ಇಡೀ ಕೃತಿಯ ಒಟ್ಟು ಮಟ್ಟವನ್ನು ಏರಿಸುವುದು ಇಳಿಸುವುದು ಮೀಮಾಂಸಕರು ಹೇಳಿದಂತೆ ಸಾಧನದ ಧರ್ಮವಾದರೂ, ಕೃತಿಯೊಳಗಿನ ತೀವ್ರ ಮಂದಗಳ ಪರಸ್ಪರ ಸಂಬಂಧವು ವಾತ್ಸ್ಯಾಯನನು ಹೇಳಿದಂತೆ ಶಬ್ದದ ಸ್ವಂತ ಧರ್ಮ ಎಂದು ಒಪ್ಪಬೇಕಾಗುತ್ತದೆ. ಹಾರ್ನ್ ಸ್ಪೀಕರಿನ ಪರವಾಗಿ ಕೊಡಬಹುದಾದ ತಾತ್ತ್ವಿಕ ಕಾರಣ ಇದೇ: ದಕ್ಷತೆ ಕೇವಲ ಮಿತವ್ಯಯದ ಗುಣವಾಗಿರದೆ, ತೀವ್ರ ಮಂದಗಳ ಸಂಬಂಧವನ್ನು ಕೆಡಿಸದೆ ಉಳಿಸುವ ಮಟ್ಟಿಗೆ ಯಥಾರ್ಥತೆಯ ಅಂಗವಾಗುತ್ತದೆ.

ಇಷ್ಟಕ್ಕೆ ವಾದ ಮುಗಿಯುವುದಿಲ್ಲ, ಏಕೆಂದರೆ ಎದುರು ಪಕ್ಷದವರ ಆಕ್ಷೇಪವೂ ಸತ್ಯಾಂಶವುಳ್ಳದ್ದು. ಕೊಳವೆಯ ಬಾಯಿ ಸಾಕಷ್ಟು ದೊಡ್ಡದಾಗಿರದಿದ್ದರೆ ಅಲೆಯ ಒಂದು ಭಾಗ ಬಾಯಿಯಿಂದ ಕೊರಳಿನ ಕಡೆಗೆ ಹಿಂದಿರುಗಿ, ಕೆಲವು ಸ್ವರಗಳು ಉಬ್ಬಿ ಕೆಲವು ತಗ್ಗಿ, ಅಂಗೈ ಗೂಡಿಸಿ ಕೂಗಿದ ಮಾತಿನಲ್ಲಿರುವಂತಹ ಪೊಳ್ಳುದನಿ ಎಲ್ಲ ವಾದ್ಯಗಳಿಗೂ ಅಂಟುತ್ತದೆ. ದೊಡ್ಡ ಬಾಯಿ ಎಂದರೆ ಎಷ್ಟು ದೊಡ್ಡದು ಎಂಬುದನ್ನು ಲೆಕ್ಕ ಹಾಕಿದರೆ ಸಮಸ್ಯೆಯ ಗಾತ್ರ ತಿಳಿಯುತ್ತದೆ. 40 ಹರ್ಟ್ಸ್ ಕಂಪನದ ಮಂದ್ರಸ್ವರದ ಅಲೆಯ ಉದ್ದ ಸುಮಾರು 8.6 ಮೀಟರ್, ಬಾಯಿಯ ಸುತ್ತಳತೆ ಒಂದು ಅಲೆಯಷ್ಟಿರಬೇಕು ಎಂಬ ನಿಯಮದಂತೆ ಅದರ ವ್ಯಾಸ 2.7 ಮೀಟರ್ ಆಗಬೇಕು. ಕ್ಲಿಪ್ಷ್ ತನ್ನ ಕ್ಲಿಪ್ಷ್‌ಹಾರ್ನ್ ಎಂಬ ವಿನ್ಯಾಸದಲ್ಲಿ ಕೊಳವೆಯನ್ನು ಮಡಿಚಿ ಕೋಣೆಯ ಮೂಲೆಗೆ ಸೇರಿಸಿದ್ದು ಇದಕ್ಕಾಗಿಯೇ: ಎರಡು ಗೋಡೆಗಳೂ ನೆಲವೂ ಹಾರ್ನಿನ ಮುಂದುವರಿದ ಭಾಗಗಳಾಗಿ ಕೆಲಸ ಮಾಡಿ, ಬೇಕಾದ ಬಾಯಿಯ ವಿಸ್ತೀರ್ಣ ಸುಮಾರು ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಮಡಿಚಿದ ಕೊಳವೆಯಲ್ಲಿ ಮಂದ್ರದ ಅಲೆ ಹೆಚ್ಚು ದೂರ ಸಾಗಬೇಕಾಗುವುದರಿಂದ ಅದು ತಾರಕ್ಕಿಂತ ತಡವಾಗಿ ಹೊರಬರುತ್ತದೆ. ಹೀಗೆ ತೀವ್ರತೆಯ ಸತ್ಯವನ್ನು ಉಳಿಸಿದ ಸಾಧನವು ನಾದವರ್ಣದಲ್ಲಿ, ಅಂದರೆ ಒಂದು ವಾದ್ಯವನ್ನು ಇನ್ನೊಂದರಿಂದ ಬೇರೆಯಾಗಿ ಗುರುತಿಸುವಂತೆ ಮಾಡುವ ಗುಣದಲ್ಲಿ, ಮತ್ತು ಕಾಲದ ಹೊಂದಿಕೆಯಲ್ಲಿ ಸತ್ಯವನ್ನು ತುಸು ಬಿಟ್ಟುಕೊಡಬಹುದು.

ದಿಕ್ಕಿನ ವಿಷಯದಲ್ಲಿಯೂ ಇಂತಹದೇ ಒಂದು ಕೊಡುಕೊಳು ಇದೆ. ಶಬ್ದವು ಮೂಲದಿಂದ ಕಿವಿಗೆ ಹೇಗೆ ಬರುತ್ತದೆ ಎಂಬುದಕ್ಕೆ ನ್ಯಾಯ ವೈಶೇಷಿಕರು ಎರಡು ನ್ಯಾಯಗಳನ್ನು, ಅಂದರೆ ದೃಷ್ಟಾಂತಗಳನ್ನು, ಹೇಳುತ್ತಾರೆ: ನೀರಿನಲ್ಲಿ ಒಂದು ಅಲೆ ಇನ್ನೊಂದನ್ನು ಎಬ್ಬಿಸುವಂತೆ ಎಂಬುದು ವೀಚೀತರಂಗ ನ್ಯಾಯ, ಕದಂಬದ ಮೊಗ್ಗು ಏಕಕಾಲದಲ್ಲಿ ಎಲ್ಲ ಕಡೆಗೂ ಅರಳುವಂತೆ ಎಂಬುದು ಕದಂಬಮುಕುಲ ನ್ಯಾಯ. ವಾದ್ಯದ ನಾದ ಬಹುಮಟ್ಟಿಗೆ ಕದಂಬದ ಬಗೆಯಲ್ಲಿ ಹರಡುತ್ತದೆ. ಹಾರ್ನ್ ಮಾತ್ರ ಅದನ್ನು ಒಂದು ದಿಕ್ಕಿಗೆ ಕಟ್ಟಿಹಾಕುತ್ತದೆ. ಅದರ ಹೆಚ್ಚಿನ ಸಂವೇದಿತೆಯ ಒಂದಂಶ ಬಂದಿರುವುದು ನಿಜವಾದ ದಕ್ಷತೆಯಿಂದಲ್ಲ, ಹೀಗೆ ನಾದವನ್ನು ಕೇಳುಗನ ಕಡೆಗೆ ಕೇಂದ್ರೀಕರಿಸುವುದರಿಂದ. ಕೊಳ್ಳುವವರು ಎರಡನ್ನೂ ಒಂದೆಂದು ತಿಳಿಯಬಾರದು. ಕೇಂದ್ರೀಕರಿಸಿದ ನಾದ ಗೋಡೆಗಳಿಂದ ಕಡಿಮೆ ಮರಳುವುದರಿಂದ ಮುದ್ರಿಕೆ ನಡೆದ ಸ್ಥಳದ ಗುಣ ಹೆಚ್ಚಾಗಿಯೂ ಕೇಳುವ ಕೋಣೆಯ ಗುಣ ಕಡಿಮೆಯಾಗಿಯೂ ಕೇಳುತ್ತದೆ. ಇದನ್ನೇ ಒಬ್ಬನು ಮುದ್ರಿಕೆಗೆ ನಿಷ್ಠೆ ಎಂದು ಹೊಗಳಿದರೆ, ವಾದ್ಯವು ಮನೆಯಲ್ಲಿಯೇ ನುಡಿಯುತ್ತಿದೆ ಎಂಬ ಅನುಭವ ಬೇಕಾದ ಇನ್ನೊಬ್ಬನು ಕೊರತೆ ಎಂದು ಹೇಳಬಹುದು, ಮತ್ತು ಇಬ್ಬರೂ ತಪ್ಪು ಹೇಳಿದಂತೆ ಆಗುವುದಿಲ್ಲ.

ಇಲ್ಲಿಗೆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ನೈಯಾಯಿಕರ ಲಕ್ಷಣದಂತೆ, ವಸ್ತುವಿನಲ್ಲಿ ಯಾವ ಧರ್ಮವಿದೆಯೋ ಅದೇ ಧರ್ಮದಿಂದ ಕೂಡಿದುದಾಗಿ ಅದನ್ನು ಅನುಭವಿಸುವುದು ಯಥಾರ್ಥಾನುಭವ. ನಾದದ ಧರ್ಮಗಳು ಹಲವು: ತೀವ್ರ ಮಂದಗಳ ಅಂತರ, ನಾದವರ್ಣ, ಕಾಲದ ಹೊಂದಿಕೆ, ಹರಡುವ ದಿಕ್ಕು. ಇವೆಲ್ಲವನ್ನೂ ಕೆಡಿಸದೆ ಒಪ್ಪಿಸುವ ಸಾಧನ ಭೌತಶಾಸ್ತ್ರದ ನಿಯಮಗಳಿಂದಾಗಿಯೇ ಸಾಧ್ಯವಿಲ್ಲದಿರುವಾಗ, ಸತ್ಯವಾದ ಸ್ಪೀಕರು ಯಾವುದು ಎಂದು ಕೇಳುವುದಕ್ಕಿಂತ, ಯಾವ ಸಂಗೀತಕ್ಕೆ ಯಾವ ಧರ್ಮದಲ್ಲಿ ಸತ್ಯವಾಗಿರುವುದು ಮೊದಲು ಸಲ್ಲಬೇಕಾದ ಕರ್ತವ್ಯ ಎಂದು ಕೇಳುವುದು ಸರಿ. ಒಂದೇ ವಸ್ತುವನ್ನು ಒಂದು ದೃಷ್ಟಿಯಿಂದ ಹೇಳುವ ಮಾತನ್ನು ಜೈನ ತಾರ್ಕಿಕರು ನಯ ಎಂದು ಕರೆದು, ಒಂದು ನಯವನ್ನೇ ಪೂರ್ಣಸತ್ಯವೆಂದು ಸಾಧಿಸುವುದನ್ನು ದುರ್ನಯವೆಂದು ಎಚ್ಚರಿಸಿದ್ದಾರೆ. ಹಾರ್ನಿನ ಪರ ವಾದವೂ ವಿರೋಧದ ವಾದವೂ ನಯಗಳಾಗಿರುವವರೆಗೆ ಉಪಯುಕ್ತವಾಗಿದ್ದು, ಮತವಾದ ಕೂಡಲೇ ದುರ್ನಯಗಳಾಗುತ್ತವೆ.

ಸಾಧನ ಮತ್ತು ಅನುಭವಗಳ ಸಂಬಂಧವನ್ನು ಕುರಿತು ರಸಸಿದ್ಧಾಂತದ ಆಚಾರ್ಯ ಅಭಿನವಗುಪ್ತನು ಹೇಳಿರುವುದು ಇಲ್ಲಿ ಇನ್ನೊಂದು ಹೆಜ್ಜೆ ಮುಂದಕ್ಕೆ ಕೊಂಡೊಯ್ಯುತ್ತದೆ. ರಸಾನುಭವಕ್ಕೆ ಅಡ್ಡಿಯಾಗುವ ಏಳು ವಿಘ್ನಗಳನ್ನು ಅವನು ಎಣಿಸುತ್ತಾನೆ. ಅವುಗಳಲ್ಲಿ ತಿಳಿಯುವ ಉಪಾಯದ ಕೊರತೆ ಮತ್ತು ಸ್ಫುಟತೆಯ ಅಭಾವ ಸೇರಿರುವಂತೆಯೇ, ಕೇಳುವವನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದೂ ಸೇರಿದೆ. ಕೆಟ್ಟ ಸ್ಪೀಕರು ಮೊದಲ ಎರಡು ವಿಘ್ನಗಳನ್ನು ಒಡ್ಡುತ್ತದೆ. ಒಳ್ಳೆಯ ಸ್ಪೀಕರು ಅವನ್ನು ನಿವಾರಿಸಿದರೂ ಮೂರನೆಯದನ್ನು ತಂದೊಡ್ಡಬಲ್ಲದು, ಏಕೆಂದರೆ ಅಪರೂಪದ ವಸ್ತುವಿನ ಒಡೆಯನಾದವನು ರಾಗವನ್ನು ಬಿಟ್ಟು ತನ್ನ ಒಡೆತನವನ್ನೇ ಆಲಿಸತೊಡಗುತ್ತಾನೆ. ಕೋಣೆಯ ಅರ್ಧವನ್ನು ಆಕ್ರಮಿಸುವ ಹಾರ್ನಿನಲ್ಲಿ ಈ ಅಪಾಯ ಸಣ್ಣ ಪೆಟ್ಟಿಗೆಗಿಂತ ಹೆಚ್ಚು. ಕಡಿಮೆ ವ್ಯಾಟಿನಲ್ಲಿ ತೃಪ್ತನಾಗಿರುವುದನ್ನು ಒಂದು ಬಗೆಯ ಅಪರಿಗ್ರಹವೆಂದು ಭಾವಿಸಿಕೊಳ್ಳುವುದೂ ಈ ವಿಘ್ನದ್ದೇ ಸೂಕ್ಷ್ಮರೂಪ. ಹಾರ್ನಿಗೆ ಜೊತೆಯಾಗಿ ಸಾಮಾನ್ಯವಾಗಿ ಆರಿಸುವ 300ಬಿ ವಾಲ್ವಿನ ಆಂಪ್ಲಿಫೈಯರು ಒಂದು ವಾಲ್ವಿನಿಂದ ಸುಮಾರು 8 ವ್ಯಾಟ್ ಕೊಡುತ್ತದಾದರೂ, ಹಾಡು ನಡೆಯುತ್ತಿರಲಿ ನಿಂತಿರಲಿ, ಗೋಡೆಯಿಂದ ಅದಕ್ಕಿಂತ ಹಲವು ಪಟ್ಟು ವಿದ್ಯುತ್ತನ್ನು ಒಂದೇ ಸಮನೆ ಎಳೆಯುತ್ತಿರುತ್ತದೆ. ಜೈನ ಶ್ರಾವಕರ ಪರಿಗ್ರಹ ಪರಿಮಾಣ ವ್ರತವು, ಅಂದರೆ ಗೃಹಸ್ಥನು ತನ್ನ ಆಸ್ತಿಗೆ ತಾನೇ ಎಲ್ಲೆ ಹಾಕಿಕೊಳ್ಳುವ ನಿಯಮವು, ವಸ್ತುವಿನ ಹೆಸರನ್ನು ಕೇಳುವುದಿಲ್ಲ, ಒಟ್ಟು ಅಳತೆಯನ್ನು ಕೇಳುತ್ತದೆ; ಆ ಅಳತೆಯಲ್ಲಿ ಜಾಗ, ಹಣ, ವಿದ್ಯುತ್ತು ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಈ ವಿಚಾರಗಳಿಂದ ಆಯ್ಕೆಗೆ ಒಂದು ಕ್ರಮ ಹೊರಡುತ್ತದೆ. ಮೊದಲು ನೋಡಬೇಕಾದದ್ದು ಕೋಣೆ: ಮೂಲೆಯ ಹಾರ್ನಿಗೆ ಬಾಗಿಲು ಕಿಟಕಿಗಳು ತುಂಡರಿಸದ ಎರಡು ಮೂಲೆಗಳು ಬೇಕು, ಮಂದ್ರ, ಮಧ್ಯ, ತಾರಗಳಿಗೆ ಬೇರೆ ಬೇರೆ ಹಾರ್ನುಗಳಿದ್ದರೆ ಅವುಗಳ ನಾದ ಒಂದಾಗಿ ಕೂಡಲು ಕೇಳುಗ ಸಾಕಷ್ಟು ದೂರ ಕೂರಬೇಕು, ಇವೆರಡೂ ಇಲ್ಲದ ಮನೆಯಲ್ಲಿ ಅತ್ಯುತ್ತಮ ಹಾರ್ನ್ ಕೂಡ ಅಸತ್ಯವನ್ನೇ ನುಡಿಯುತ್ತದೆ. ಎರಡನೆಯದು ಸಂಗೀತ: ತನಿ ಆವರ್ತನ, ಯಕ್ಷಗಾನದ ಹಿಮ್ಮೇಳ, ನಾಗಸ್ವರ ಮತ್ತು ತವಿಲ್, ಜಾಜ್, ಪಾಶ್ಚಾತ್ಯ ವಾದ್ಯವೃಂದ ಮುಂತಾದವುಗಳ ಜೀವ ತೀವ್ರ ಮಂದಗಳ ಅಂತರದಲ್ಲಿರುವುದರಿಂದ ಹಾರ್ನಿನ ಗುಣ ಅಲ್ಲಿ ಸಾರ್ಥಕವಾಗುತ್ತದೆ, ಮುದ್ರಣದಲ್ಲಿಯೇ ಏರಿಳಿತಗಳನ್ನು ಒತ್ತಿ ಸಮಮಾಡಿದ ಇತ್ತೀಚಿನ ಬಹುಪಾಲು ಚಿತ್ರಗೀತೆಗಳಲ್ಲಿ ಉಳಿಸಲು ಅಂತರವೇ ಇಲ್ಲದಿರುವುದರಿಂದ ಅದರ ಗುಣ ನಿರುಪಯೋಗಿ. ಮೂರನೆಯದು ಆಂಪ್ಲಿಫೈಯರು: ಸಾಧಾರಣ ಸ್ಪೀಕರಿನಲ್ಲಿ ಕೇಳದ ಸಣ್ಣ ಗುಂಯ್ ಶಬ್ದವೂ ಹಾರ್ನಿನಲ್ಲಿ ಎದ್ದು ಕೇಳುವುದರಿಂದ ಮೊದಲ ವ್ಯಾಟಿನ ಶುದ್ಧತೆಯನ್ನು ಕೊನೆಯ ವ್ಯಾಟಿನ ಬಲಕ್ಕಿಂತ ಮುಖ್ಯವೆಂದು ಎಣಿಸಬೇಕು. ನಾಲ್ಕನೆಯದು ಕಿವಿ: ಸಾಧಾರಣ ಸ್ಪೀಕರು ಮಿತಿ ಮೀರಿದಾಗ ಅದರ ಕರ್ಕಶತೆಯೇ ಎಚ್ಚರಿಕೆ ಕೊಡುತ್ತದೆ, ಹಾರ್ನ್ ಶುದ್ಧವಾಗಿಯೇ ಇರುವುದರಿಂದ ಆ ಎಚ್ಚರಿಕೆ ಬರುವುದಿಲ್ಲ, 85 ಡೆಸಿಬೆಲ್ ನಾದವನ್ನು ದಿನಕ್ಕೆ ಎಂಟು ಗಂಟೆ ತಡೆಯಬಲ್ಲ ಕಿವಿಗೆ ಪ್ರತಿ 3 ಡೆಸಿಬೆಲ್ ಏರಿಕೆಗೂ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ ಎಂಬ ಔದ್ಯೋಗಿಕ ಸುರಕ್ಷತೆಯ ನಿಯಮವನ್ನು ಮನೆಯಲ್ಲಿಯೂ ನೆನಪಿಡಬೇಕು.

ಈ ನಾಲ್ಕರಲ್ಲಿಯೂ ತಕ್ಕ ಉತ್ತರ ದೊರೆಯುವವರಿಗೆ ಹಾರ್ನ್ ಸ್ಪೀಕರು ಯೋಗ್ಯವಾದ ಆಯ್ಕೆ, ಮತ್ತು ಅವರು ಅದನ್ನು ಹಳೆಯ ಕಾಲದ ಮೋಹದಿಂದಲ್ಲದೆ ಸಕಾರಣವಾಗಿಯೇ ಆರಿಸಿದಂತೆ ಆಗುತ್ತದೆ. ಸಣ್ಣ ಕೋಣೆಯಲ್ಲಿ ಕುಳಿತು ವೀಣೆಯನ್ನೋ ಭಾವಗೀತೆಯನ್ನೋ ತಗ್ಗಿದ ಮಟ್ಟದಲ್ಲಿ ಕೇಳುವವರಿಗೆ ನಾದವರ್ಣವನ್ನು ಕಾಪಾಡುವ ಸಾಧಾರಣ ಸ್ಪೀಕರೇ ಹೆಚ್ಚು ಯಥಾರ್ಥವಾದದ್ದು. ಅವರು ದಕ್ಷತೆಯ ಅಂಕಿಯನ್ನು ನೋಡಿ ತಮ್ಮ ಆಯ್ಕೆಯನ್ನು ಕೀಳೆಂದು ಎಣಿಸಬೇಕಾದ ಕಾರಣವಿಲ್ಲ.